ಐದು ಮನೆಯ ಬಟ್ಟೆ

ಹೋದ ಜನವರಿಯಲ್ಲಿ ಹೊರನಾಡಿಗೆ ಹೋಗುವಾಗ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು. ಬೆಳಗಿನ ಏಳೂವರೆ. ಮಂಜು ಇನ್ನೂ ಅಂಗಡಿಗಳ ಮಾಡಿನಿಂದ ಮೇಲೆದ್ದಿರಲಿಲ್ಲ. ಟೀ ಅಂಗಡಿಯ ಪಕ್ಕದಲ್ಲಿ ಒಬ್ಬ ಹೆಂಗಸು ಮಗುವಿನ ಒದ್ದೆ ಸ್ವೆಟರನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ಇದ್ದಿಲೊಲೆಯ ಮೇಲೆ ಒಣಗಿಸುತ್ತಿದ್ದಳು. ಮಗು ಟವೆಲ್ಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತು ಬನ್ನು ತಿನ್ನುತ್ತಿತ್ತು. ಉಣ್ಣೆ, ಹೊಗೆ, ಅದರೊಳಗೆ ಸ್ವಲ್ಪ ಉಚ್ಚೆ. ಈ ಮೂರೂ ಕೂಡಿದ ವಾಸನೆಯನ್ನು ನಾನು ಹದಿನೇಳು ವರ್ಷ ಉಸಿರಾಡಿದ್ದೇನೆ. ಮೂಗಿಗೆ ಬಿದ್ದ ಕೂಡಲೇ ಬೆನ್ನು ನೋಯತೊಡಗಿತು. ಹದಿನೇಳು ವರ್ಷಗಳಲ್ಲಿ ನೆನಪಿಗೆ ಬಂದದ್ದು ಮಾತ್ರ ಒಂದೇ ಚಳಿಗಾಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡಿಗೆರೆಯಿಂದ ಕಳಸಕ್ಕೆ ಬರುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟು. ಅಲ್ಲಿ ಕೂಲಿ ಹೆಂಗಸರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಶಿಶುವಿಹಾರ ನನ್ನ ವಶದಲ್ಲಿತ್ತು. ಕಾಗದದಲ್ಲಿ ಅದು ಶಿಶುವಿಹಾರ, ಲೈನ್ ಮನೆಗಳ ಕೂಲಿಯವರ ಬಾಯಲ್ಲಿ ಕೂಸಿನ ಮನೆ. ನಾನು ಬಾಲಸೇವಿಕಾ ತರಬೇತಿ ಮುಗಿಸಿ ಬಂದವಳು. ಉಗುರು, ಕೂದಲು, ಹಲ್ಲು, ಗಂಟೆ, ರಿಜಿಸ್ಟರು: ನಮಗೆ ಕಲಿಸಿದ್ದ ಮೇಡಮ್ಮು ಇವಿಷ್ಟನ್ನು ನಮ್ಮ ಮೂಳೆಗೇ ಇಳಿಸಿಬಿಟ್ಟಿದ್ದರು. ನನ್ನ ಯಜಮಾನರು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರಾಗಿದ್ದರು. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುವರು. ಉಳಿದ ದಿನ ಕ್ವಾರ್ಟರ್ಸಿನಲ್ಲಿ ನಾನು, ಆರು ವರ್ಷದ ಮಗಳು ಸುಮ.

ಮಳೆಗಾಲದಲ್ಲಿ ನನ್ನ ಹತ್ತಿರ ಹನ್ನೆರಡು ಹದಿಮೂರು ಮಕ್ಕಳಿದ್ದರೆ, ಹಣ್ಣು ಕುಯ್ಯುವ ಕಾಲಕ್ಕೆ ಮೂವತ್ತೈದು ದಾಟುತ್ತಿತ್ತು. ಬಯಲುಸೀಮೆಯಿಂದ ಆಳುಗಳ ಗ್ಯಾಂಗು ಬರುತ್ತಿದ್ದುದು ಆಗಲೇ, ಚಳಿ ಬರುತ್ತಿದ್ದುದೂ ಆಗಲೇ. ಮಲೆನಾಡಿನ ಚಳಿಯೆಂದರೆ ಒಣ ಚಳಿಯಲ್ಲ. ಇಬ್ಬನಿ ಕಾಫಿ ಎಲೆಯ ಮೇಲೆ ರಾತ್ರಿಯಿಡೀ ಕೂತು, ಬೆಳಿಗ್ಗೆ ಗಿಡ ಮುಟ್ಟಿದವರ ಮೈಮೇಲೆಲ್ಲ ಸುರಿಯುತ್ತದೆ. ಹಣ್ಣು ಕುಯ್ಯುವ ಹೆಂಗಸರು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೊಂಟಕ್ಕೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು ಕಟ್ಟಿ, ತಲೆಗೆ ಟವೆಲ್ಲು ಬಿಗಿದು ಹೋಗುವರು. ಹತ್ತು ಗಂಟೆಗೆ ಹಾಲೂಡಿಸಲು ಬಂದಾಗ ಮೊಣಕಾಲಿನ ತನಕ ತೊಪ್ಪೆಯಾಗಿರುತ್ತಿದ್ದರು.

ನನ್ನ ದಿನ ಐದಕ್ಕೆ ಶುರು. ಐದೂವರೆಗೆ ಶಿಶುವಿಹಾರದ ಬಚ್ಚಲೊಲೆಗೆ ಬೆಂಕಿ. ಆರೂಮುಕ್ಕಾಲಿಗೆ ಮೊದಲ ತಾಯಿ ಮಗುವನ್ನು ತಂದು ಚಾಪೆಯ ಮೇಲೆ ಇಳಿಸುತ್ತಿದ್ದಳು. ಅಲ್ಲಿಂದ ಎಂಟು ಗಂಟೆಯ ತನಕ ಒಂದೇ ಕೆಲಸ: ಬಿಚ್ಚುವುದು, ಬಿಸಿನೀರಿನ ಬಟ್ಟೆಯಿಂದ ಒರೆಸುವುದು, ಎಣ್ಣೆ ಸವರುವುದು, ತೊಡಿಸುವುದು. ಮನೆಯಿಂದ ತೊಟ್ಟು ಬಂದದ್ದು ಬಟ್ಟೆ ಕುದಿಸುವ ಗುಡಾಣಕ್ಕೆ. ಆಮೇಲೆ ಬನೀನು, ಚಡ್ಡಿ, ಅಂಗಿ, ಸ್ವೆಟರು, ತಲೆಗೆ ಕುಲಾವಿ. ಮಗುವಿನ ಕೈಯನ್ನು ಸ್ವೆಟರಿನ ತೋಳಿಗೆ ತೂರಿಸಲು ಹೋದರೆ ಅದು ಮುಷ್ಟಿ ಕಟ್ಟಿ ಅಡ್ಡ ನಿಲ್ಲುತ್ತದೆ. ನಾವೇ ತೋಳಿನ ತುದಿಯಿಂದ ಕೈ ಹಾಕಿ, ಒಳಗಿರುವ ಮುಷ್ಟಿಯನ್ನು ಹಿಡಿದು ಹೊರಗೆ ತರಬೇಕು. ಒಂದು ಮಗುವಿಗೆ ಎರಡು ಸಲ, ಮೂವತ್ತೈದು ಮಕ್ಕಳಿಗೆ ಎಪ್ಪತ್ತು ಸಲ. ಒಂದು ಸ್ವೆಟರಿಗೆ ಐದು ಗುಂಡಿ. ಸಂಜೆ ಅಷ್ಟನ್ನೂ ಬಿಚ್ಚಬೇಕು. ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ, ನನ್ನ ಬೆರಳುಗಳಿಗೆ ಮಾತ್ರ ಗೊತ್ತಿತ್ತು.

ನನ್ನ ಉಡುಪೆಂದರೆ ಎರಡು ರವಿಕೆ, ಒಂದರ ಮೇಲೊಂದು. ಸೀರೆಯ ಮೇಲೆ ಯಜಮಾನರ ಹಳೆಯ ಕೋಟು. ಕಿವಿ ಮುಚ್ಚುವ ಹಾಗೆ ಮಫ್ಲರು. ನೀರಿನ ಕೆಲಸ ಶುರುವಾದ ಕೂಡಲೇ ಕೋಟು ಬಿಚ್ಚಿ ಮೊಳೆಗೆ ಹಾಕಬೇಕಾಗುತ್ತಿತ್ತು. ಅಂದರೆ ಚಳಿ ಇರುವಷ್ಟು ಹೊತ್ತು ಕೋಟು ಮೊಳೆಯ ಮೇಲೆ, ಬಿಸಿಲು ಬಂದ ಮೇಲೆ ನನ್ನ ಮೈಮೇಲೆ. ಕೈ ಒಡೆದು ಗೆರೆಗೆರೆಯಲ್ಲಿ ರಕ್ತ ಜಿನುಗುತ್ತಿತ್ತು. ಮುರುಗಲ ತುಪ್ಪ ಕಾಯಿಸಿ ಹಚ್ಚಿಕೊಳ್ಳುತ್ತಿದ್ದೆ. ಸುಮ ತಾನೇ ಎದ್ದು, ತಾನೇ ತೊಟ್ಟು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಕ್ಕಳ ಜೊತೆ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಅಭ್ಯಾಸವಾಗಿದೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಮೊದಲ ಸಲ ಎಸ್ಟೇಟಿನವರು ಮಕ್ಕಳಿಗೆ ಹೊಸ ಸ್ವೆಟರು ತರಿಸಿಕೊಟ್ಟರು. ಮೂರು ಡಜನ್ನು, ಎಲ್ಲ ಒಂದೇ ಕೆಂಪು. ಮೂರು ವರ್ಷ ಬರೆದು ಬರೆದು ಪಡೆದದ್ದು. ಕುತ್ತಿಗೆಯ ಒಳಗೆ ಒಂದರಿಂದ ಮೂವತ್ತಾರರ ತನಕ ಬಿಳಿ ದಾರದಲ್ಲಿ ನಂಬರು ಹೊಲಿದೆ. ಅದೇ ವರ್ಷ ಲೈನುಗಳಲ್ಲಿ ಕಜ್ಜಿ, ಕೂರೆ ಎರಡೂ ಹಬ್ಬಿದ್ದವು. ನಾನು ನಿಯಮ ಮಾಡಿದೆ. ಮನೆಯ ಬಟ್ಟೆ ಒಳಗೆ ಬರುವ ಹಾಗಿಲ್ಲ. ಕುದಿಸಲು ಬರುವುದನ್ನು ಕುದಿಸುವುದು, ಬಾರದ್ದನ್ನು ಒಲೆಗೆ ಹಾಕುವುದು. ಹೊರಗಿನಿಂದ ಯಾರಾದರೂ ನೋಡಲು ಬಂದರೆ ಎಲ್ಲ ಮಕ್ಕಳೂ ಕೆಂಪು ಸ್ವೆಟರಿನಲ್ಲಿ ಸಾಲಾಗಿ ಕೂತಿರಬೇಕು.

ನನ್ನ ಆಯಾ ಬೀಪಾತುಮ್ಮ. ಕಳಸದ ರಸ್ತೆಯಲ್ಲಿ ಅವರ ಮಗನ ಸೈಕಲ್ ಶಾಪಿತ್ತು. ನನಗಿಂತ ಹದಿನೈದು ವರ್ಷ ದೊಡ್ಡವರು, ಏಳು ಹೆತ್ತವರು. ನಿಯಮ ಕೇಳಿ ಅವರು ಹೇಳಿದ್ದು ಇಷ್ಟೇ: "ಆಯ್ತು ಟೀಚರೇ. ಚಳಿಗೂ ಒಂದು ನಂಬರು ಹೊಲೀರಿ, ಸಾಲಲ್ಲಿ ಬರ್ತದೆ."

ಡಿಸೆಂಬರಿನ ಮೊದಲ ವಾರ ಹೊಸ ಗ್ಯಾಂಗು ಬಂತು. ಹೊಸದುರ್ಗದ ಕಡೆಯವರು. ಅವರಲ್ಲಿ ಹನುಮಕ್ಕ ಎಂಬಾಕೆ. ಇಪ್ಪತ್ತೈದರ ಆಸುಪಾಸು, ಕಡ್ಡಿಯಂಥ ಮೈ, ಕಂಕುಳಲ್ಲಿ ಒಂದೂವರೆ ವರ್ಷದ ಗಂಡು ಮಗು. ಹೆಸರು ತಿಪ್ಪ. ಆ ಮಗು ತೊಟ್ಟಿದ್ದ ಅಂಗಿಯನ್ನು ಅಂಗಿ ಎನ್ನುವುದೂ ಕಷ್ಟ. ಒಂದು ತೋಳು ಹಸಿರು, ಒಂದು ತೋಳು ಚೌಕಳಿ, ಎದೆಗೆ ಯಾರದೋ ಹಳೆಯ ರವಿಕೆಯ ತುಂಡು, ಬೆನ್ನಿಗೆ ಕಂಬಳಿಯ ಚೂರು. ದಪ್ಪ ಹೊಲಿಗೆ. ಹೊಲಿಗೆಯ ಸಾಲಿನಲ್ಲೆಲ್ಲ ಕೂರೆಯ ಮೊಟ್ಟೆ.

ಮೊದಲ ದಿನ ಅವಸರದಲ್ಲಿ ಹನುಮಕ್ಕ ಮಗುವನ್ನು ಬೀಪಾತುಮ್ಮನ ಕೈಗೆ ಕೊಟ್ಟು, "ಇದರ ಅಂಗಿ ಬಿಚ್ಚಬ್ಯಾಡ್ರವ್ವ, ಹಂಗೇ ಇರ್ಲಿ," ಎಂದು ಮೇಸ್ತ್ರಿಯ ಹಿಂದೆ ಓಡಿದಳಂತೆ. ಬೀಪಾತುಮ್ಮ ಅದನ್ನು ನನಗೆ ಹೇಳಿದರು. ಚಳಿಗೆ ಹೆದರಿ ಹೇಳಿದ್ದಾಳೆ ಎಂದುಕೊಂಡೆ. ಯಾಕೆ ಎಂದು ಕೇಳಲು ನಾನು ನಿಲ್ಲಲಿಲ್ಲ. ನನ್ನ ಮುಂದೆ ಇನ್ನೂ ಇಪ್ಪತ್ತು ಮಕ್ಕಳಿದ್ದವು. ಅಂಗಿ ಬಿಚ್ಚಿದೆ, ಒರೆಸಿದೆ, ಎಣ್ಣೆ ಹಚ್ಚಿದೆ, ಇಪ್ಪತ್ತಮೂರನೇ ನಂಬರಿನ ಸ್ವೆಟರು ತೊಡಿಸಿದೆ. ಆ ಚಿಂದಿಯನ್ನು ಕೋಲಿನಲ್ಲಿ ಎತ್ತಿ ಬಚ್ಚಲೊಲೆಗೆ ಹಾಕಿದೆ. ಕಂಬಳಿ ಚೂರು ಸುಟ್ಟ ವಾಸನೆ ಒಂದು ನಿಮಿಷ ಇತ್ತು, ಆಮೇಲೆ ಹೋಯಿತು.

ಹತ್ತು ಗಂಟೆಗೆ ತಾಯಂದಿರು ಬಂದರು. ಹನುಮಕ್ಕ ಸಾಲಿನಲ್ಲಿ ಮಗನನ್ನು ಹುಡುಕಿದಳು. ಎಲ್ಲ ಕೆಂಪಾಗಿದ್ದರಿಂದ ಎರಡು ಸಲ ದಾಟಿಹೋದಳು. ಗುರುತು ಹತ್ತಿದ ಮೇಲೆ ಅವಳು ಕೂಗಲಿಲ್ಲ. ಮೆಲ್ಲಗೆ ಕೇಳಿದಳು.

"ಅಂಗಿ ಎಲ್ಲೈತ್ರವ್ವ?"

"ಅದರ ತುಂಬ ಕೂರೆ ಇತ್ತಮ್ಮ. ಸುಟ್ಟೆ. ಇದು ಹೊಸದು, ಬೆಚ್ಚಗಿರುತ್ತೆ."

ಅವಳು ಅಲ್ಲೇ ಕೂತು ಸ್ವೆಟರಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ಒಳಗಿನ ಅಂಗಿ, ಬನೀನು, ಚಡ್ಡಿ, ತಲೆಯ ಕುಲಾವಿ ತೆಗೆದಳು. ಎಲ್ಲವನ್ನೂ ಮಡಿಸಿ ನನ್ನ ಮುಂದಿಟ್ಟಳು. ಬರಿಮೈಯ ಮಗುವನ್ನು ತನ್ನ ಒದ್ದೆ ಸೆರಗಿನಲ್ಲಿ ಸುತ್ತಿಕೊಂಡಳು.

"ಇದಕ್ಕೆ ಮುಂಚೆ ಮೂರು ಹೋದ್ವು ಕಣವ್ವ. ಮೂರಕ್ಕೂ ಹೊಸಾ ಬಟ್ಟೆ ಹಾಕಿದ್ವಿ. ಇದು ಹುಟ್ಟಿದಾಗ ತಿಪ್ಪೆ ಮ್ಯಾಲೆ ಮಲಗ್ಸಿ ಎತ್ತಿದ್ದು. ಮಕ್ಕಳೊಂದಿಗರ ಐದು ಮನೀಗೆ ಹೋಗಿ ಸೆರಗೊಡ್ಡಿ ಕೇಳಿ ತಂದ ಬಟ್ಟೆ ಅದು. ಐದು ವರ್ಷ ತುಂಬೋಗಂಟ ಇದರ ಮೈಗೆ ಹೆತ್ತೋಳ ಸೆರಗು ಬಿಟ್ರೆ ನಮ್ಮದು ಅನ್ನೋದು ಒಂದು ದಾರ ತಾಗಂಗಿಲ್ಲ. ತಾಗಿದ್ರೆ ಇದು ನಮ್ಮ ಕೂಸು ಅಂತ ಅದಕ್ಕೆ ಗೊತ್ತಾಗ್ತೈತೆ."

ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಮೂರು ಮಕ್ಕಳನ್ನು ಒಯ್ದದ್ದಕ್ಕೆ.

ಅವಳು ಮಗುವನ್ನು ಎತ್ತಿಕೊಂಡು ತೋಟಕ್ಕೆ ಹೋದಳು. ಮರುದಿನವೂ ತರಲಿಲ್ಲ. ಅದರ ಮರುದಿನವೂ ಇಲ್ಲ. ಐದು ಮನೆಯಿಂದ ತಂದದ್ದರಲ್ಲಿ ಮಿಕ್ಕಿದ್ದ ಹಳೆಯ ಸೀರೆಯ ತುಂಡು ಸುತ್ತಿ, ಹಣ್ಣಿನ ಬುಟ್ಟಿಯಲ್ಲಿ ಮಲಗಿಸಿ, ಕಾಫಿ ಗಿಡದ ಬುಡದಲ್ಲಿ ಇಡುತ್ತಿದ್ದಳಂತೆ. ಸಾಲು ಮುಂದೆ ಹೋದಂತೆ ಬುಟ್ಟಿಯೂ ಮುಂದೆ. ಮೇಲಿಂದ ಇಬ್ಬನಿ. ಅವರ ಸಾಲಿನ ಮೇಸ್ತ್ರಿ ಬಂದು ನನ್ನ ಹತ್ತಿರ ರೇಗಿದ: "ಎಂಥ ಟೀಚರಮ್ಮ ಇದು? ಕೂಸಿನ ಮನೆ ಇದ್ದೂ ಕೂಸು ತೋಟದಲ್ಲಿ ಉಂಟಲ್ಲ! ಕೆಮ್ಮು ಈ ಸಾಲಿಂದ ಆ ಸಾಲಿಗೆ ಕೇಳ್ತದೆ ಮಾರಾಯ್ರೆ."

ಮಧ್ಯಾಹ್ನ ನಾನೇ ತೋಟಕ್ಕೆ ಹೋದೆ. ಮಗು ಬುಟ್ಟಿಯಲ್ಲಿ ಎಚ್ಚರವಾಗಿತ್ತು, ಅಳುತ್ತಿರಲಿಲ್ಲ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಅದೇನೆಂದು ನನಗೆ ತರಬೇತಿಯಲ್ಲಿ ಕಲಿಸಿದ್ದರು. ಎಸ್ಟೇಟಿನ ಕಾಂಪೌಂಡರನ್ನು ಕರೆಸಿದೆ. ಅವರು ಎದೆ ನೋಡಿ, ಔಷಧಿ ಕೊಟ್ಟು, "ಇನ್ನೆರಡು ದಿನ ಹೀಗೇ ಥಂಡಿಯಲ್ಲಿ ಬಿದ್ದಿದ್ರೆ ನನ್ನ ಕೈಲಿಲ್ಲ. ಬೆಚ್ಚಗಿಡಿ, ಒಳಗಿಡಿ," ಎಂದರು.

ಹನುಮಕ್ಕನಿಗೆ ನಾನು ತಿಳಿಹೇಳಿದೆ. ಗದರಿದೆ. ನ್ಯುಮೋನಿಯಾ ಎಂದರೇನು ಎಂದು ವಿವರಿಸಿದೆ. ಅವಳು ಹಣ್ಣು ಕೀಳುವುದನ್ನು ನಿಲ್ಲಿಸದೆ ಎಲ್ಲ ಕೇಳಿದಳು. ನನಗೊಂದು ಉಪಾಯ ಹೊಳೆಯಿತು. ಶಿಶುವಿಹಾರದ ಎರಡು ಹಳೆಯ ಕಂಬಳಿಕೋಟುಗಳಿದ್ದವು, ಹೋದ ವರ್ಷಗಳ ಮಕ್ಕಳು ತೊಟ್ಟು ಸವೆಸಿದವು. ಮರುದಿನ ಬೆಳಿಗ್ಗೆ ಅವನ್ನು ಲೈನಿಗೇ ಒಯ್ದು ಮುಂದಿಟ್ಟೆ.

"ಇದು ಹೊಸದಲ್ಲ, ನೋಡು. ಹತ್ತು ಮಕ್ಕಳು ತೊಟ್ಟದ್ದು."

"ಇದು ನೀವು ಕೊಡ್ತಿರೋದು ಕಣವ್ವ. ಕೊಟ್ಟಿದ್ದು ಆಗಂಗಿಲ್ಲ. ಕೇಳಿ ತಂದಿದ್ದಾಗ್ಬೇಕು."

"ಹಾಗಾದರೆ ಕೇಳು. ನಾನು ಕೊಡ್ತೀನಿ."

"ಹೆತ್ತೋಳು ಒಂದೇ ಸಲ ಕೇಳೋದು. ನಾನು ಕೇಳಾಗೈತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಅವಳಿಗೂ ಒಂದು ನಿಯಮವಿತ್ತು. ನನ್ನದಕ್ಕಿಂತ ಹಳೆಯದು, ನನ್ನದಕ್ಕಿಂತ ಬಿಗಿಯಾದದ್ದು. ನನ್ನ ನಿಯಮ ತಪ್ಪಿದರೆ ಬೈಗುಳ ತಿನ್ನುವುದಷ್ಟೆ, ಅವಳದು ತಪ್ಪಿದರೆ ನಾಲ್ಕನೆಯದೂ ಹೋಗುತ್ತದೆ.

ನನ್ನ ಜೊತೆ ಬಂದಿದ್ದ ಬೀಪಾತುಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಹೆತ್ತವಳು ಕೇಳಬಾರ್ದು, ಸುಟ್ಟವಳು ಕೇಳಬಹುದಲ್ಲ ಟೀಚರೇ," ಎಂದರು.

ಹನುಮಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. "ಸೆರಗೊಡ್ಡಿ ಕೇಳ್ಬೇಕು. ಮನೆ ಒಳೀಕೆ ಕಾಲಿಡಂಗಿಲ್ಲ. ಕುಡಿಯಾಕೆ ನೀರು ಕೊಟ್ರೂ ಇಸ್ಕಬಾರ್ದು. ಐದು ಮನೆ," ಎಂದಳು.

ನಾನು ಯಾರನ್ನೂ ಏನನ್ನೂ ಕೇಳಿ ಬದುಕಿದವಳಲ್ಲ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದವಳಲ್ಲ. ಸ್ವೆಟರು ಬೇಕೆಂದು ಎಸ್ಟೇಟಿಗೆ ಮೂರು ವರ್ಷ ಬರೆದದ್ದು ಕೂಡ ಅರ್ಜಿ, ನಂಬರು ಹಾಕಿ, ಪ್ರತಿ ಇಟ್ಟುಕೊಂಡು. ಮರುದಿನ ವಾರದ ರಜೆ. ಆ ವಾರ ಯಜಮಾನರು ಬಂದಿರಲಿಲ್ಲ. ಒಂಬತ್ತು ಗಂಟೆಗೆ ಕೋಟು ಬಿಚ್ಚಿಟ್ಟೆ. ಕೋಟು ತೊಟ್ಟವರು ಸೆರಗೊಡ್ಡಲು ಆಗುವುದಿಲ್ಲ. ಬರಿ ಸೀರೆಯಲ್ಲಿ ಹೊರಟಾಗ ಕಣದ ಮೇಲಿಂದ ಬೀಸುವ ಗಾಳಿ ನೇರ ಎದೆಗೆ ಹೊಡೆಯಿತು.

ಮೊದಲ ಮನೆ ಬೀಪಾತುಮ್ಮನದೇ. ಎಲ್ಲ ಗೊತ್ತಿದ್ದೂ ಬಾಗಿಲಿಗೆ ಬಂದು ಹೊಸಬರ ಹಾಗೆ ನಿಂತರು.

"ಎಂತ ಬೇಕು?"

"ಮಗುವಿಗೆ ಒಂದು ಹಳೆ ಬಟ್ಟೆ ಇದ್ದರೆ..."

"ಅದೆಂತ ಕೈ ಅದು? ರಿಜಿಸ್ಟರ್ ತಕ್ಕೊಳ್ಳೋ ಹಾಗೆ ಚಾಚಿದ್ದೀರಲ್ಲ! ಸೆರಗು ಎರಡೂ ಕೈಯಲ್ಲಿ ಹಿಡೀರಿ. ತಲೆ ತಗ್ಗಿಸಿ. ಇನ್ನೂ."

ತಗ್ಗಿಸಿದೆ. ಮೊಮ್ಮಗನ ಒಂದು ಮಾಸಿದ ಬನೀನು ಸೆರಗಿಗೆ ಬಿತ್ತು. ಅವರು ನಗುತ್ತಿದ್ದಾರೆ ಎಂದುಕೊಂಡು ತಲೆಯೆತ್ತಿದರೆ ನಗುತ್ತಿರಲಿಲ್ಲ.

ಎರಡನೆಯದು ರೈಟರ ಮನೆ. ಅವರ ಹೆಂಡತಿ ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ನನ್ನ ಸೆರಗು ನೋಡಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ಅಯ್ಯೋ, ಎಂಥದು ಟೀಚರ್ ಇದು? ನಿಮಗೆಂಥ ಬಂತು ಮಾರಾಯ್ತಿ? ಯಜಮಾನ್ರು ಹುಷಾರಿದಾರಷ್ಟೆ?"

ಹೇಳಿದೆ. ಅವರು ಒಳಗೆ ಹೋಗಿ ಗರಿಗರಿಯಾದ ಹೊಸ ಫ್ಲಾನಲ್ ಅಂಗಿ ತಂದರು.

"ಇದು ಬೇಡ. ಹಳೇದು ಬೇಕು."

"ಹಳೇದು ಹೇಗೆ ಕೊಡ್ಲಿ? ನಾಳೆ ಊರಲ್ಲೆಲ್ಲ ರೈಟರ ಹೆಂಡ್ತಿ ಟೀಚರಿಗೆ ಹರಕು ಕೊಟ್ಳು ಅಂದ್ರೆ?"

"ಹರಕು ಕೊಟ್ಟಿದ್ದಕ್ಕೆ ನಾನೇ ಊರಲ್ಲೆಲ್ಲ ನಿಮ್ಮನ್ನ ಹೊಗಳ್ತೀನಿ."

ಕೊನೆಗೆ ಒಂದು ಚಡ್ಡಿ ಸಿಕ್ಕಿತು. ಒಳಗೆ ಬನ್ನಿ, ಕಾಫಿ ಕುಡೀರಿ ಎಂದು ಬಹಳ ಬಲವಂತ ಮಾಡಿದರು. ಬಿಸಿ ಕಾಫಿಯ ವಾಸನೆ ಅಂಗಳದ ತನಕ ಬರುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ ಆಗುವುದಿಲ್ಲ ಎಂದೆ.

ಮೂರನೆಯದು ಧಣಿಗಳ ಬಂಗಲೆ. ಅಲ್ಲಿ ಹೇಗೆ ಕೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಿಂಬಾಗಿಲಿಗೆ ಹೋದೆ. ಅಮ್ಮಾವ್ರೇ ಬಂದರು. ನಾನು ಒಂದು ವಾಕ್ಯ ಹೇಳುವಷ್ಟರಲ್ಲಿ ಕೈಸನ್ನೆ ಮಾಡಿ ನಿಲ್ಲಿಸಿದರು.

"ಎಷ್ಟನೇ ಮನೆ ಇದು?"

"ಮೂರನೇದು ಅಮ್ಮಾವ್ರೆ."

"ನಮ್ಮ ದೊಡ್ಡೋನ್ನ ಇಷ್ಟು ವರ್ಷ ಆದ್ರೂ ಗುಂಡ ಅಂತ ಯಾಕೆ ಕರೀತೀವಿ ಅಂದ್ಕೊಂಡಿದ್ರಿ ಟೀಚರ್? ಅವನಿಗೆ ಮುಂಚಿನವು ಉಳೀಲಿಲ್ಲ. ನಮ್ಮತ್ತೆ ಲೈನಿಗೆ ಹೋಗಿ ಬಟ್ಟೆ ಕೇಳಿ ತಂದಿದ್ರು, ಅವನಿಗೆ. ಬಂಗಲೆಯಿಂದ ಲೈನಿಗೆ."

ಅವರು ಕೊಟ್ಟದ್ದು ಒಂದು ಜೊತೆ ಉಣ್ಣೆಯ ಕಾಲುಚೀಲ. ಹಿಮ್ಮಡಿಯಲ್ಲಿ ತೂತು. ತೂತನ್ನು ಹೊಲಿಯಬೇಡಿ ಎಂದರು.

ನಾಲ್ಕನೆಯದಾಗಿ ಮೇಸ್ತ್ರಿಯ ಮನೆ. ಅವನ ತಾಯಿ ಮಾತಿಲ್ಲದೆ ಒಂದು ಕುಲಾವಿ ಹಾಕಿದಳು. ಐದನೆಯದು ಲಾರಿ ಡ್ರೈವರನ ಮನೆ. ಅವನ ಹೆಂಡತಿಗೆ ಒಂದೇ ಮಗು, ಎಂಟು ತಿಂಗಳಿನದು. ನನ್ನ ಸೆರಗು ಕಂಡದ್ದೇ ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ಬೇಡ ಟೀಚರ್. ನನ್ನ ಮಗೂದು ಕೊಟ್ಟು, ಇದಕ್ಕೆ ಏನಾದ್ರೂ ಆದ್ರೆ? ಸಿಟ್ಟು ಮಾಡ್ಕೋಬೇಡಿ. ನಂಗೆ ಧೈರ್ಯ ಇಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿತು. ನನಗೆ ಸಿಟ್ಟು ಬರಲಿಲ್ಲ. ಇನ್ನು ನಡೆಯಲು ಶಕ್ತಿಯಿರಲಿಲ್ಲ, ಅಷ್ಟೆ. ಉಳಿದ ಮಕ್ಕಳೊಂದಿಗರ ಮನೆಗಳೆಲ್ಲ ಲೈನಿನವು. ಅವರ ಮಕ್ಕಳ ಮೈಮೇಲಿದ್ದದ್ದು ಒಂದೇ ಬಟ್ಟೆ, ಅದನ್ನು ಕೇಳಲು ಬಾಯಿ ಬಾರದು. ಸೆರಗಿನಲ್ಲಿ ನಾಲ್ಕು ತುಂಡು ಕಟ್ಟಿಕೊಂಡು ಕ್ವಾರ್ಟರ್ಸಿನ ಕಡೆ ತಿರುಗಿದೆ. ಬನೀನು, ಚಡ್ಡಿ, ಕಾಲುಚೀಲ, ಕುಲಾವಿ ಆಗಿತ್ತು. ಎದೆ ಮುಚ್ಚುವುದೇ ಇರಲಿಲ್ಲ.

ಸುಮ ನಮ್ಮ ಮನೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ಮೈಮೇಲೆ ಅಜ್ಜಿ ಹೆಣೆದುಕೊಟ್ಟ ನೀಲಿ ಸ್ವೆಟರು. ಅವಳಿಗಿದ್ದದ್ದು ಅದೊಂದೇ. ಗುಂಡಿಗಳು ಒಂದು ಕಾಜ ಮೇಲಕ್ಕೆ ಬಿದ್ದು ಒಂದು ಅಂಚು ಕೆಳಗೆ ಜೋತಿತ್ತು. ಅಂಗಳದ ಕಲ್ಲಿನ ಹತ್ತಿರ ನಾನು ನಿಂತುಬಿಟ್ಟೆ. ಒಂದು ಕ್ಷಣ ಯೋಚಿಸಿದೆ. ಇದು ಮಗುವಿರುವ ಮನೆ. ಬಾಗಿಲಿದೆ. ಬಾಗಿಲಲ್ಲಿ ಕೊಡುವವರಿದ್ದಾರೆ.

ಸೆರಗಿನ ಕಟ್ಟು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದೆ.

"ಸುಮ, ಮಗುವಿಗೆ ಒಂದು ಬಟ್ಟೆ ಬೇಕಿತ್ತು."

ಅವಳು ನಕ್ಕಳು. ಆಟ ಎಂದುಕೊಂಡಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಯಾವ ಮಗುಗೆ?"

"ತಿಪ್ಪನಿಗೆ. ಹುಷಾರಿಲ್ಲ ಅವನಿಗೆ."

"ಅಷ್ಟೊಂದು ಕೆಂಪು ಸ್ವೆಟರ್ ತರಿಸಿದ್ರಲ್ಲ ಅವರಿಗೆ. ಒಂದು ಮಿಕ್ಕಿತ್ತಲ್ಲ, ನಂಗೆ ಕೊಡು ಅಂದ್ರೆ ನೀನು ಕೊಡ್ಲಿಲ್ಲ."

"ಅದು ಎಸ್ಟೇಟಿನದು. ನಿನಗೆ ಕೊಡೋ ಹಾಗಿರಲಿಲ್ಲ."

"ಈಗ ನಂದು ಕೇಳ್ತಿದೀಯ."

"ಹೌದು."

"ಕೊಡಲ್ಲ ಅಂದ್ರೆ ಬಯ್ತೀಯಾ?"

"ಇಲ್ಲ. ಕೇಳೋರು ಬಯ್ಯೋ ಹಾಗಿಲ್ಲ. ಸುಮ್ನೆ ಹೋಗ್ತಾರೆ."

ನಾನು ಅವಳನ್ನು ಬಯ್ಯುವ ಹಾಗಿಲ್ಲದ ಗಳಿಗೆ ಅವಳಿಗೆ ಹೊಸದಾಗಿತ್ತು. ಆಮೇಲೆ ಗುಂಡಿ ಬಿಚ್ಚತೊಡಗಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಸಹಾಯ ಮಾಡಲು. "ನೀನು ಮುಟ್ಟಬೇಡ, ನೀನು ಕೇಳೋಳು," ಎಂದಳು. ತೋಳು ಸಿಕ್ಕಿಕೊಂಡಿತು. ತಾನೇ ಎಳೆದುಕೊಂಡಳು. ಸ್ವೆಟರನ್ನು ನನ್ನ ಸೆರಗಿಗೆ ಹಾಕಿ, ಫ್ರಾಕಿನ ತೋಳುಗಳನ್ನು ತಾನೇ ತಬ್ಬಿಕೊಂಡು ಒಳಗೆ ಹೋದಳು. ಹೋಗುತ್ತಾ, "ಕೂಸಿನ ಮನೆ ಮಕ್ಕಳಿಗೆ ಹಾಕೋ ಹಾಗೆ ಸರಿಯಾಗಿ ಹಾಕು," ಎಂದಳು.

ಮನೆಯೊಳಗೆ ಕಾಲಿಡುವಂತಿರಲಿಲ್ಲ. ನಾನು ಅಂಗಳದಲ್ಲೇ ತಿರುಗಿ ಲೈನಿಗೆ ನಡೆದೆ.

ಹನುಮಕ್ಕ ಒಂದೊಂದು ತುಂಡನ್ನೂ ಕೈಗೆತ್ತಿಕೊಂಡು, ಯಾವ ಮನೆ ಎಂದು ಕೇಳಿದಳು. ಹೇಳಿದೆ. ನೀಲಿ ಸ್ವೆಟರು ಎತ್ತಿದಾಗ ಅದಿನ್ನೂ ಬೆಚ್ಚಗಿತ್ತು. ಅದೊಂದರ ಮನೆ ಮಾತ್ರ ಕೇಳಲಿಲ್ಲ. "ನೀವೇ ತೊಡಿಸ್ರವ್ವ," ಎಂದಳು. ಸ್ವೆಟರು ತಿಪ್ಪನ ಮೊಣಕಾಲು ಮುಟ್ಟುತ್ತಿತ್ತು. ತೋಳುಗಳನ್ನು ಮೂರು ಮಡಿಕೆ ಮಡಿಸಿದೆ. ಬೀಪಾತುಮ್ಮ ಇದ್ದಿಲ ಬಾಣಲೆ ತಂದು ಪಕ್ಕದಲ್ಲಿಟ್ಟರು.

ಮರುದಿನದಿಂದ ಮಗು ಶಿಶುವಿಹಾರದಲ್ಲಿತ್ತು. ಒಂಬತ್ತು ದಿನ ಜ್ವರ ಇಳಿಯಲಿಲ್ಲ. ಕಾಂಪೌಂಡರು ದಿನಕ್ಕೆರಡು ಸಲ ಬಂದು ಸೂಜಿ ಹಾಕಿದರು. ನಾನು ಉಳಿದ ಮಕ್ಕಳ ಗುಂಡಿ ಹಾಕುತ್ತಾ, ನಡುವೆ ಹತ್ತು ಹತ್ತು ನಿಮಿಷಕ್ಕೆ ಹೋಗಿ ಆ ಪಕ್ಕೆಲುಬಿನ ಗುಳಿ ನೋಡಿ ಬರುತ್ತಿದ್ದೆ. ಹತ್ತನೆಯ ದಿನ ಗುಳಿ ಕಾಣಲಿಲ್ಲ. ನಂಬಿಕೆಯಾಗದೆ ಬೀಪಾತುಮ್ಮನನ್ನು ಕರೆದೆ. ಅವರು ನೋಡಿ, "ಗಂಜಿ ಕೇಳ್ತಾ ಉಂಟು ಅದು, ನೀವು ಅದರ ಎಲುಬು ಎಣಿಸ್ತಿದ್ದೀರಿ," ಎಂದರು.

ಬಟ್ಟೆಯಿಂದ ಬದುಕಿತೋ ಸೂಜಿಯಿಂದ ಬದುಕಿತೋ ನನಗೆ ಗೊತ್ತಿಲ್ಲ. ಒಳಗೆ ಬೆಚ್ಚಗೆ ಮಲಗಿತ್ತು, ಅದಕ್ಕೆ ಬದುಕಿತು ಎನ್ನಬೇಕು. ಒಳಗೆ ಬರಲು ಆ ಬಟ್ಟೆ ಬೇಕಾಗಿತ್ತು.

ಜನವರಿಯಲ್ಲಿ ಇನ್‌ಸ್ಪೆಕ್ಟರು ಬಂದರು. ಮೂವತ್ನಾಲ್ಕು ಕೆಂಪು ಸ್ವೆಟರಿನ ನಡುವೆ ಒಂದು ಜೋಲು ನೀಲಿ. "ಈ ಮಗುವಿಗೆ ಯಾಕೆ ಕೊಟ್ಟಿಲ್ಲ?" ಎಂದರು. "ಅಳತೆ ಸಿಗಲಿಲ್ಲ ಸರ್," ಎಂದೆ. ಹಾಗೇ ಬರೆದುಕೊಂಡರು. ಕೆಲಸಕ್ಕೆ ಸೇರಿದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು. ಸುಮ ಆ ಚಳಿಗಾಲವನ್ನು ಅವಳಪ್ಪನ ಕೋಟಿನಲ್ಲಿ ಕಳೆದಳು. ತೋಳು ಮಡಿಸಿ, ಸೊಂಟಕ್ಕೆ ದಾರ ಕಟ್ಟಿ ಶಾಲೆಗೆ ಹೋಗುತ್ತಿದ್ದಳು. ರೈಟರ ಮಕ್ಕಳು ಅವಳನ್ನು ಮೇಸ್ತ್ರಿ ಎಂದು ಕರೆಯತೊಡಗಿದರು. ಬೆಳಿಗ್ಗೆ ನಾನು ಅವಳಿಗೆ ತೊಡಿಸಲು ಐದು ನಿಮಿಷ ಉಳಿಸಿಕೊಳ್ಳುತ್ತಿದ್ದೆ. ಅವಳು ಕೆಲವು ದಿನ ಬಿಟ್ಟುಕೊಡುತ್ತಿದ್ದಳು, ಕೆಲವು ದಿನ ಇಲ್ಲ.

ಫೆಬ್ರವರಿಯ ಕೊನೆಗೆ ಹಣ್ಣು ಮುಗಿಯಿತು, ಗ್ಯಾಂಗು ಲಾರಿ ಹತ್ತಿತು. ಮಟಮಟ ಮಧ್ಯಾಹ್ನ. ತಿಪ್ಪ ಐದು ಮನೆಯ ಬಟ್ಟೆಯನ್ನೂ ತೊಟ್ಟು ಬೆವರುತ್ತಿದ್ದ. ಸ್ವೆಟರಾದರೂ ಬಿಚ್ಚು ಎಂದೆ. ಹನುಮಕ್ಕ ಅವನ ಕತ್ತನ್ನು ಸೆರಗಿನಿಂದ ಒರೆಸಿ, "ಊರು ಮುಟ್ಲಿ ಬುಡ್ರವ್ವ," ಎಂದಳು. ಅವನಿಗೆ ಸಣ್ಣಗೆ ಕೆಮ್ಮು ಇನ್ನೂ ಇತ್ತು. ಲಾರಿ ತಿರುವು ದಾಟುವ ತನಕ ಆ ಕೆಮ್ಮು ಕೇಳಿಸಿದ ಹಾಗೆ ನನಗೆ ಅನ್ನಿಸುತ್ತಲೇ ಇತ್ತು.

ಮುಂದಿನ ವರ್ಷ ಅವರು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮೇಸ್ತ್ರಿ ಬೇರೆ ಕಡೆಯ ಆಳುಗಳನ್ನು ತಂದಿದ್ದ. ಗ್ಯಾಂಗಿನಲ್ಲಿ ಹೊಸದುರ್ಗದ ಮಾತು ಕಿವಿಗೆ ಬಿದ್ದರೆ ನಾನು ಮಗುವಿನ ಬಟ್ಟೆ ಬಿಚ್ಚುವುದನ್ನು ನಿಲ್ಲಿಸಿ ಕೇಳುತ್ತಿದ್ದೆ. ಐದನೆಯ ಚಳಿಗಾಲದಲ್ಲಿ ಒಬ್ಬಾಕೆ ಅದೇ ಊರಿನವಳು ಸಿಕ್ಕಿದಳು. ಬೆಳಗಿನ ಏಳು ಗಂಟೆ, ಅವಳ ಹುಡುಗಿಯ ಕೈ ನನ್ನ ಕೈಯಲ್ಲಿತ್ತು.

"ನಿಮ್ಮೂರಲ್ಲಿ ತಿಪ್ಪ ಅಂತ ಒಬ್ಬ ಹುಡುಗ ಇದ್ದ. ಈಗ ಆರು ವರ್ಷ ಇರಬೇಕು. ಹೇಗಿದ್ದಾನೆ?"

"ಯಾವ ತಿಪ್ಪ ಅವ್ವ? ನಮ್ಮೂರಾಗೆ ಆ ವಾರಿಗೆಯೋವು ನಾಕು ತಿಪ್ಪ ಅದಾವೆ."

"ಹನುಮಕ್ಕನ ಮಗ."

"ಇಬ್ರ ತಾಯೀನೂ ಹನುಮಕ್ಕನೇ ಕಣವ್ವ," ಎಂದು ಅವಳು ನಕ್ಕಳು. "ಹುಟ್ಟಿದ್ದು ಉಳೀದ ಮನೇಲೆಲ್ಲ ತಿಪ್ಪನೇ ಇರ್ತಾವಲ್ಲ."

ಇನ್ನೇನು ಗುರುತು ಹೇಳಲಿ? ಎದೆ ಸಣ್ಣದು, ಮುಷ್ಟಿ ಬಿಗಿ, ಅಳದ ಮಗು ಎಂದೆ. ಅವಳು ತಲೆ ಕೆರೆದುಕೊಂಡಳು. ಮೇಸ್ತ್ರಿಯ ಸೀಟಿ ಕೇಳಿಸಿತು. ಅವಳು ಪ್ಲಾಸ್ಟಿಕ್ಕು ಸೊಂಟಕ್ಕೆ ಬಿಗಿದುಕೊಳ್ಳುತ್ತಾ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಯಾವುದಾದ್ರೇನ್ ಬುಡವ್ವ. ನಾಕೂ ಅದಾವೆ. ನಾಕೂ ಹೊಸಾ ಅಂಗಿ ಹಾಕ್ಕಂಡು ಇಸ್ಕೂಲಿಗೆ ಹೋಯ್ತವೆ."

ನಾನು ನಾಲ್ವರನ್ನೂ ಒಪ್ಪಿಕೊಂಡೆ. ಕೈಯಲ್ಲಿದ್ದ ಹುಡುಗಿ ಚಳಿಗೆ ನಡುಗುತ್ತಿದ್ದಳು. ಅವಳ ಹಳೆಯ ಅಂಗಿಯನ್ನು ಬಿಚ್ಚುವ ಮೊದಲು ಬಾಗಿಲಿನ ತನಕ ಓಡಿಹೋಗಿ, ಅವಳ ತಾಯಿಯನ್ನು ಕೂಗಿ ಕೇಳಿದೆ: "ಇದನ್ನು ತೆಗೀಬಹುದೇನಮ್ಮ?"